ತಲೆ ಕೆಟ್ಟಿಲ್ಲ, ಮನಸ್ಸು ಕೆಟ್ಟಿದೆ

ಓದುಗರ ಪತ್ರ: ನೇಪಾಳದ ಭೂಕಂಪದ ಹಳ್ಳಿಗಳ ಜನರ ಮನಸ್ಸಿಗಾದ ಗಾಯದ ಬಗ್ಗೆ ಕಳೆದ ಸಂಚಿಕೆಯ ಲೇಖನ ಓದಿದೆ. ಬೆಟ್ಟದ ಜನ ಗಟ್ಟಿಗರು. ಮನೆ ಕಟ್ಟಿಕೊಟ್ಟರೆ ಸಾಕು, ಅವರಿಗೆ ಮನೋರೋಗಿಗಳ ಪಟ್ಟ ಕಟ್ಟಬೇಡಿ.

ಸಂಪಾದಕರ ಉತ್ತರ: ಪಟ್ಟದ ಬಗ್ಗೆ ನಿಮ್ಮ ಮಾತು ಒಪ್ಪಿದೆ. ನೇಪಾಳಿಯಲ್ಲಿ ‘ಮನ್’ ಅಂದರೆ ಮನಸ್ಸು ಬೇರೆ, ‘ದಿಮಾಗ್’ ಅಂದರೆ ತಲೆ, ಬುದ್ಧಿ ಬೇರೆ. ನಮ್ಮಲ್ಲೂ ಹಾಗೇ ತಾನೆ? ‘ಮನಸ್ಸು ಕೆಟ್ಟಿದೆ’ ಎಂದರೆ ಪಕ್ಕ ಬಂದು ಕೂರುತ್ತಾರೆ, ‘ತಲೆ ಕೆಟ್ಟಿದೆ’ ಎಂದರೆ ದೂರ ಸರಿಯುತ್ತಾರೆ. ಮನಸ್ಸಿಗೆ ಗಾಯವಾಗಿದೆ ಎಂದು ಹೇಳಿಕೊಳ್ಳಲು ಅಲ್ಲಿಯವರಿಗೂ ನಾಚಿಕೆಯಿಲ್ಲ.

ಆದರೆ ‘ಮನೆ ಕೊಟ್ಟರೆ ಸಾಕು’ ಎಂಬಲ್ಲಿ ನನ್ನ ತಕರಾರಿದೆ. 2015ರ ಏಪ್ರಿಲ್ 25ರಂದು ಗೋರ್ಖಾ ಜಿಲ್ಲೆಯ ಬಾರ್ಪಾಕ್ ಬಳಿ 7.8 ತೀವ್ರತೆಯ ಕಂಪನವಾಯಿತು. ಶನಿವಾರ, ರಜೆ, ಶಾಲೆಗಳು ಬಿದ್ದಾಗ ಒಳಗೆ ಮಕ್ಕಳಿರಲಿಲ್ಲ. ಅಷ್ಟಾದರೂ ಸುಮಾರು 9,000 ಜನ ಸತ್ತರು. ಲಾಂಗ್‌ಟಾಂಗ್ ಹಳ್ಳಿ ಹಿಮ, ಬಂಡೆಗಳಡಿ ಹೂತುಹೋಯಿತು. ಇನ್ನೇನು ಒಳಗೆ ಮಲಗೋಣ ಎನ್ನುವಷ್ಟರಲ್ಲಿ, ಮೇ 12ಕ್ಕೆ, ಮತ್ತೆ 7.3. ಬೆನ್ನಿಗೇ ಮಳೆಗಾಲ, ಸಡಿಲಗೊಂಡ ಇಳಿಜಾರು. ಗಾಳಿಗೆ ತಗಡು ಸದ್ದಾದರೂ ಮಗುವನ್ನೆತ್ತಿ ಹೊರಗೋಡುವ ತಾಯಿಯನ್ನು ರೋಗಿ ಎನ್ನಲು ನನಗೂ ಬಾಯಿ ಬಾರದು. ಬೆಟ್ಟ ನಿಜವಾಗಿಯೂ ಜಾರುತ್ತಿತ್ತಲ್ಲ!

ಊರಿನ ನಂಟುಗಳಿಗೆ ಬಿದ್ದ ಪೆಟ್ಟು ಇನ್ನೊಂದು ಬಗೆಯದು. ಆ ಬೆಟ್ಟಗಳಲ್ಲಿ ‘ಪರ್ಮಾ’ ಎಂಬ ಮುಯ್ಯಾಳು ಪದ್ಧತಿಯಿದೆ: ಇಂದು ನಿನ್ನ ಗದ್ದೆಗೆ ನಾನು, ನಾಳೆ ನನ್ನದಕ್ಕೆ ನೀನು. ಎಲ್ಲರ ಮನೆಯೂ ಒಂದೇ ದಿನ ಬಿದ್ದರೆ ಯಾರು ಯಾರ ಮನೆಗೆ ಹೋಗಬೇಕು? ಪ್ರಾಯದ ಗಂಡಸರಲ್ಲಿ ಎಷ್ಟೋ ಮಂದಿ ಕೊಲ್ಲಿ ದೇಶಗಳಲ್ಲೋ ಮಲೇಷ್ಯಾದಲ್ಲೋ ದುಡಿಯುತ್ತಿದ್ದರು. ಕಲ್ಲು ಸರಿಸಿದ್ದು, ಹೆಣ ಹೊತ್ತದ್ದು, ಕಚೇರಿ ಅಲೆದದ್ದು ಎಷ್ಟೋ ಕಡೆ ಹೆಂಗಸರು, ಮುದುಕರು. ಮನೆ ಕಟ್ಟಿಕೊಳ್ಳಲು ಸರ್ಕಾರದ 3 ಲಕ್ಷ ನೇಪಾಳಿ ರೂಪಾಯಿ ಅನುದಾನ ಬಂದದ್ದು ಮೂರು ಕಂತಿನಲ್ಲಿ, ಮೊದಲನೆಯದು 50,000. ಅದಕ್ಕೂ ‘ಲಾಲ್‌ಪುರ್ಜಾ’ ಅಂದರೆ ಜಮೀನಿನ ಹಕ್ಕುಪತ್ರ ಕೇಳಿದರು. ಜಮೀನು ಮಾವನ ಹೆಸರಿನಲ್ಲಿದ್ದ ವಿಧವೆಗೆ ನಿದ್ದೆ ಕೆಡಿಸಿದ್ದು ಕಂಪನವೋ ಕಾಗದವೋ, ನೀವೇ ಹೇಳಿ.

ಇನ್ನು ನೀವು ಹೇಳುವ ಆ ಮನೆ. ಅನುದಾನ ಕೈತಪ್ಪದಿರಲೆಂದು ಒಂದೇ ಕೋಣೆ ಎಬ್ಬಿಸಿದವರು ಬಹಳ. ಅಟ್ಟವಿಲ್ಲದ ಆ ಕೋಣೆಯಲ್ಲಿ ಜೋಳದ ತೆನೆ ಎಲ್ಲಿಡುವುದು? ಹಾಗಾಗಿ ಕೆಲವರು ಹೊಸ ಮನೆಗೆ ಬೀಗ ಹಾಕಿ, ಬಿರುಕುಬಿಟ್ಟ ಹಳೆಯ ಗೋಡೆಯ ಪಕ್ಕದಲ್ಲೇ ಒಲೆ ಹಚ್ಚುತ್ತಿದ್ದರು, ಬಾಗಿಲು ತೆರೆದಿಟ್ಟುಕೊಂಡು.