ಮಗಳ ಕಣ್ಣು, ಅತ್ತೆಯ ಚಾಳೀಸು

ಸಕಲೇಶಪುರದ ಓದುಗರೊಬ್ಬರು ಬರೆದಿದ್ದಾರೆ: "ನನ್ನ ಮಗಳಿಗೆ ಏಳು ವರ್ಷ. ಓದಲು ಕೂತರೆ ತಲೆನೋವು ಅನ್ನುತ್ತಾಳೆ. ಹಾಸನದಲ್ಲಿ ತೋರಿಸಿದೆವು. ಡಾಕ್ಟರು ಚೀಟಿಯಲ್ಲಿ 'ಹೈಪರ್‌ಮೆಟ್ರೋಪಿಯಾ' ಎಂದು ಬರೆದು ಪ್ಲಸ್ ಕನ್ನಡಕ ಕೊಟ್ಟರು. ತೋಟದ ಆಚೆ ತುದಿಯ ಸಿಲ್ವರ್ ಮರದಲ್ಲಿ ಕೂತ ಹಕ್ಕಿಯನ್ನೂ ಗುರುತಿಸುವ ಹುಡುಗಿ ಇವಳು. ನಮ್ಮ ಅತ್ತೆಯ ಚಾಳೀಸು ಇವಳಿಗೂ ಬಂತೇ? ಈ ಪದದ ಅರ್ಥವೇನು?"

ಅತ್ತೆಯವರದು ಬೇರೆ, ಮಗಳದು ಬೇರೆ. ಎರಡಕ್ಕೂ ಕೊಡುವುದು ಪ್ಲಸ್ ಕನ್ನಡಕವೇ ಆದ್ದರಿಂದ ಗೊಂದಲವಾಗುತ್ತದೆ.

ಪದ ಗ್ರೀಕ್ ಮೂಲದ್ದು. 'ಹೈಪರ್' ಅಂದರೆ ಮೀರಿದ, 'ಮೆಟ್ರಾನ್' ಅಂದರೆ ಅಳತೆ, 'ಓಪ್ಸ್' ಅಂದರೆ ಕಣ್ಣು. ಕನ್ನಡದಲ್ಲಿ ಇದನ್ನು 'ದೂರದೃಷ್ಟಿ' ಅನ್ನುವುದುಂಟು, ಆದರೆ ದೂರ ಅನ್ನುವ ಮಾತೇ ಈ ಪದದಲ್ಲಿಲ್ಲ, ನೋಡಿ. ಹೊರಗಿನ ಬೆಳಕು ಕಣ್ಣಿನ ಹಿಂಭಾಗದ ರೆಟಿನಾ ಪರದೆಯ ಮೇಲೆ ಕೂಡಬೇಕು. ಕಣ್ಣುಗುಡ್ಡೆ ಸ್ವಲ್ಪ ಗಿಡ್ಡವಿದ್ದರೆ ಬೆಳಕು ಕೂಡುವ ಜಾಗ ಪರದೆಯನ್ನು ಮೀರಿ ಹಿಂದಕ್ಕೆ ಹೋಗುತ್ತದೆ. ದೊಡ್ಡವರ ಕಣ್ಣುಗುಡ್ಡೆಯ ಉದ್ದ ಸುಮಾರು 24 ಮಿ.ಮೀ. ಅದರಲ್ಲಿ 1 ಮಿ.ಮೀ. ಕಮ್ಮಿಯಾದರೂ ಸುಮಾರು ಪ್ಲಸ್ 3 ನಂಬರ್ ಬರುತ್ತದೆ.

1858ರಲ್ಲಿ ಈ ಪದ ಕೊಟ್ಟವರು ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ಊರಿನ ವೈದ್ಯ ಎಫ್. ಸಿ. ಡಾಂಡರ್ಸ್. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಅದನ್ನೇ 'ಹೈಪರೋಪಿಯಾ' ಎಂದು ಚಿಕ್ಕದು ಮಾಡಿದರು. ಅದಕ್ಕೂ ಮೊದಲು ಬಹಳಷ್ಟು ವೈದ್ಯರು ಇದನ್ನೂ ವಯಸ್ಸಾದವರ ತೊಂದರೆಯನ್ನೂ ಒಟ್ಟಿಗೇ ಸೇರಿಸಿಬಿಡುತ್ತಿದ್ದರು. ಡಾಂಡರ್ಸ್ ಎರಡನ್ನೂ ಬೇರೆ ಮಾಡಿದರು. ಓದಿದ ಕೂಡಲೇ ಕಣ್ಣು ಸೋಲುವ ಎಷ್ಟೋ ಜನರಿಗೆ ಮೂಲ ಕಾರಣ ಹೈಪರ್‌ಮೆಟ್ರೋಪಿಯಾವೇ ಎಂದೂ, ಪ್ಲಸ್ ಕನ್ನಡಕದಿಂದ ಅದು ಸರಿಹೋಗುತ್ತದೆಂದೂ ತೋರಿಸಿಕೊಟ್ಟರು. ನನಗೆ ಅವರ ಮೇಲೆ ಗೌರವ ಜಾಸ್ತಿಯಾಗಿದ್ದೇ ಇದರಿಂದ.

ಅತ್ತೆಯವರದು ಪ್ರೆಸ್‌ಬಯೋಪಿಯಾ. ಗ್ರೀಕ್‌ನಲ್ಲಿ 'ಪ್ರೆಸ್ಬಿಸ್' ಅಂದರೆ ಮುದುಕ. ನಲವತ್ತರ ಹೊತ್ತಿಗೆ ಕಣ್ಣಿನೊಳಗಿನ ಲೆನ್ಸ್ ಗಟ್ಟಿಯಾಗಿ, ಹತ್ತಿರದ್ದು ಮಸುಕಾಗುತ್ತದೆ. ಚಾಳೀಸು ಅಂದರೂ ನಲವತ್ತೇ ಅಲ್ವಾ!

ನಿಮ್ಮ ಮಗಳ ಲೆನ್ಸ್ ಇನ್ನೂ ಮೆತ್ತಗಿದೆ. ಅದನ್ನು ಉಬ್ಬಿಸಿ, ಹಿಂದಕ್ಕೆ ಹೋದ ಬೆಳಕನ್ನು ಅವಳ ಕಣ್ಣು ಮುಂದಕ್ಕೆ ಎಳೆದುಕೊಳ್ಳುತ್ತದೆ. ಹಕ್ಕಿ ಕಾಣುವುದು ಹಾಗೆ. ಪುಸ್ತಕ ಹಿಡಿದಾಗ ಈ ಶ್ರಮ ಇನ್ನೂ ಹೆಚ್ಚಬೇಕು. ತಲೆನೋವು ಅಲ್ಲಿಂದ. ಕಾಣುತ್ತದಲ್ಲ ಅಂತ ಸುಮ್ನೆ ಬಿಡಬೇಡಿ. ನಂಬರ್ ಜಾಸ್ತಿಯಿದ್ದರೆ ಕೆಲವು ಮಕ್ಕಳಿಗೆ ಮೆಳ್ಳೆಗಣ್ಣು ಬರುತ್ತದೆ, ಒಂದು ಕಣ್ಣಿನ ನೋಟ ಕುಂದುವುದೂ ಉಂಟು. ಬೆಳೆಯುತ್ತಾ ಕಣ್ಣುಗುಡ್ಡೆ ಉದ್ದವಾದಂತೆ ನಂಬರ್ ಇಳಿಯಬಹುದು.

ಮುಂದಿನ ಸಲ ಹಾಸನಕ್ಕೆ ಹೋದಾಗ, ಹನಿ ಹಾಕಿ ಪರೀಕ್ಷಿಸಿದ್ದಾರಾ ಎಂದು ಕೇಳಿ. ಮಕ್ಕಳ ಕಣ್ಣು ಹೀಗೆ ಶ್ರಮಪಟ್ಟು ನಂಬರನ್ನು ಮುಚ್ಚಿಡುತ್ತದೆ. ಹನಿ ಬಿದ್ದರೆ ಬಿಗಿ ಸಡಿಲವಾಗಿ ನಿಜವಾದ ನಂಬರ್ ಸಿಗುತ್ತದೆ.

— ಸಂಪಾದಕ