ಕಲಬುರಗಿ ಗಾಳಿಯಲ್ಲಿ ಹುಲ್ಲಿನ ಪರಾಗ ಎಷ್ಟಿದೆ ಅಂತ ಅಳೆಯುವುದು ಹೇಗೆ?

ಮಳೆಗಾಲ ಮುಗಿಯುವ ಹೊತ್ತಿಗೆ ಅಪ್ಪನ ಕೆರೆ ಕಡೆ ವಾಕಿಂಗ್ ಹೋದರೆ ಸೀನು, ಕಣ್ಣುರಿ ಶುರುವಾಗುತ್ತದೆ, ಆದರೆ ಫೋನಿನಲ್ಲಿ ಎಕ್ಯೂಐ, ಅಂದರೆ ಗಾಳಿಯ ಗುಣಮಟ್ಟದ ಸೂಚ್ಯಂಕ, ಹಸಿರಾಗಿಯೇ ಇರುತ್ತದೆ ಅಂತ ಬರೆದಿದ್ದೀರಿ. ಹಾಗಾದರೆ ಪರಾಗವನ್ನು ಅಳೆಯುವುದು ಹೇಗೆ ಅನ್ನುವುದು ನಿಮ್ಮ ಪ್ರಶ್ನೆ. ನಾನು ಇಲ್ಲಿ ಸಸ್ಯಶಾಸ್ತ್ರ ಕಲಿಸುವವನು. ಸೂಕ್ಷ್ಮದರ್ಶಕದ ಮುಂದೆ ಕೂತು ಪರಾಗ ಎಣಿಸಿದ ಅನುಭವದಿಂದ ಹೇಳುತ್ತೇನೆ.

ಎಕ್ಯೂಐಯನ್ನು ಮೊದಲು ಬದಿಗಿಡಿ. ಅದರ ಲೆಕ್ಕದಲ್ಲಿ ಪಿಎಂ 10, ಪಿಎಂ 2.5, ಓಝೋನ್ ಹೀಗೆ ಎಂಟು ವಸ್ತುಗಳಿವೆ. ಪರಾಗ ಇಲ್ಲ. ಪಿಎಂ 10 ಅಂದರೆ 10 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಹುಲ್ಲಿನ ಪರಾಗ ಸಾಮಾನ್ಯವಾಗಿ 20ರಿಂದ 40 ಮೈಕ್ರಾನ್. ಇಡೀ ಪರಾಗ ಕಣವನ್ನು ಪಿಎಂ 10 ಅಳೆಯುವ ಯಂತ್ರ ಬಾಗಿಲಲ್ಲೇ ತಡೆದುಬಿಡುತ್ತದೆ. ಹವಾಮಾನದ ಆಪ್‌ಗಳು ತೋರಿಸುವ ‘ಪೋಲನ್’ ಅಂಕಿಯೂ ಬಹುತೇಕ ಕಂಪ್ಯೂಟರ್ ಅಂದಾಜು, ಎಣಿಸಿದ್ದಲ್ಲ.

ಎಣಿಸುವುದಕ್ಕೆ ಬೇರೆಯೇ ಯಂತ್ರವಿದೆ. 1952ರಲ್ಲಿ ಇಂಗ್ಲೆಂಡಿನ ಹರ್ಸ್ಟ್ ಎಂಬ ವಿಜ್ಞಾನಿ ಪ್ರಕಟಿಸಿದ ವಿನ್ಯಾಸ, ಇವತ್ತಿಗೂ ಅದೇ ಅಳತೆಗೋಲು. ಎತ್ತರದ ಮಾಳಿಗೆ ಮೇಲೆ ಇಡುತ್ತಾರೆ. ಗಾಳಿ ಯಾವ ಕಡೆಯಿಂದ ಬೀಸುತ್ತದೋ ಆ ಕಡೆಗೆ ತಾನೇ ಮುಖ ಮಾಡುತ್ತದೆ. ಸಣ್ಣ ಸೀಳಿನಿಂದ ನಿಮಿಷಕ್ಕೆ 10 ಲೀಟರ್ ಗಾಳಿ ಎಳೆದುಕೊಳ್ಳುತ್ತದೆ, ಹೆಚ್ಚುಕಡಿಮೆ ನಾವು ಉಸಿರಾಡುವಷ್ಟೇ. ಒಳಗೊಂದು ಡ್ರಮ್, ಅದರ ಮೇಲೆ ಅಂಟು ಸವರಿದ ಟೇಪ್. ಡ್ರಮ್ ಗಂಟೆಗೆ 2 ಮಿ.ಮೀ. ಸರಿಯುತ್ತದೆ. ವಾರ ಮುಗಿದ ಮೇಲೆ ಟೇಪ್ ತೆಗೆದು ದಿನಕ್ಕೊಂದರಂತೆ 48 ಮಿ.ಮೀ. ತುಂಡು ಕತ್ತರಿಸಿ, ಗಾಜಿನ ಸ್ಲೈಡ್ ಮೇಲಿಟ್ಟು, ಫುಕ್ಸಿನ್ ಬಣ್ಣ ಹಾಕಿದರೆ ಪರಾಗ ಗುಲಾಬಿಯಾಗಿ ಎದ್ದು ಕಾಣುತ್ತದೆ. ದಿನಕ್ಕೆ ಒಳಬಂದ ಗಾಳಿ 14.4 ಘನ ಮೀಟರ್. ಎಣಿಕೆಯನ್ನು ಅದಕ್ಕೆ ಭಾಗಿಸಿ, ಘನ ಮೀಟರಿಗೆ ಇಷ್ಟು ಕಣ ಅಂತ ಹೇಳುತ್ತಾರೆ. ಯಾವ ಗಂಟೆಯಲ್ಲಿ ಜಾಸ್ತಿ ಬಂತು ಅನ್ನುವುದೂ ಟೇಪಿನ ಮೇಲೇ ಸಿಗುತ್ತದೆ.

ಹುಲ್ಲಿನ ಪರಾಗವನ್ನು ಗುರುತಿಸುವುದು ಸುಲಭ. ದುಂಡಗೆ, ನುಣ್ಣಗೆ, ಒಂದೇ ಒಂದು ರಂಧ್ರ, ಅದರ ಸುತ್ತ ದಪ್ಪ ಅಂಚು. ಆದರೆ ಯಾವ ಹುಲ್ಲು ಅಂತ ಕೇಳಬೇಡಿ! ಗರಿಕೆಯೋ ಬದುವಿನ ಹುಲ್ಲೋ ಹೇಳಲಾಗುವುದಿಲ್ಲ. ಹಿಂಗಾರಿ ಜೋಳವೂ ಹುಲ್ಲಿನ ಜಾತಿಯೇ. ಅದರ ಕಣ ದೊಡ್ಡದು, ಭಾರ, ಹೆಚ್ಚಿನದು ಹೊಲದ ಆಸುಪಾಸಿನಲ್ಲೇ ಬೀಳುತ್ತದೆ. ಕಾಂಗ್ರೆಸ್ ಕಸದ ಪರಾಗ ಬೇರೆ, ಮೈಮೇಲೆ ಸಣ್ಣ ಮುಳ್ಳುಗಳಿರುತ್ತವೆ. ಅದು ಸೇವಂತಿಗೆಯ ಕುಟುಂಬದ್ದು, ಅದರಿಂದಲೂ ಸೀನು ಬರುತ್ತದೆ. ನಮ್ಮೂರಿನ ನಿಜವಾದ ತಲೆನೋವು ಧೂಳು. ಎರೆಮಣ್ಣಿನ ಧೂಳು, ದಾಲ್ ಮಿಲ್ ಕಡೆಯ ತೊಗರಿ ಹೊಟ್ಟು ಎರಡೂ ಸೇರಿ ಟೇಪ್ ಕಪ್ಪಾದರೆ ಅದರಡಿ ಪರಾಗ ಹುಡುಕುವುದೇ ಕಷ್ಟ.

ಇಷ್ಟಾದರೂ ಸಿಕ್ಕಿದ್ದು ಕಣಗಳ ಸಂಖ್ಯೆ ಮಾತ್ರ. ನಿಮ್ಮನ್ನು ಸೀನಿಸುವುದು ಕಣದೊಳಗಿನ ಪ್ರೋಟೀನ್, ಅದಕ್ಕೆ ಅಲರ್ಜನ್ ಅನ್ನುತ್ತಾರೆ. ಯುರೋಪಿನ ಹಲವು ಊರುಗಳಲ್ಲಿ ಎರಡನ್ನೂ ಒಟ್ಟಿಗೆ ಅಳೆದಾಗ, ಅಷ್ಟೇ ಪರಾಗದಿಂದ ಬಿಡುಗಡೆಯಾದ ಅಲರ್ಜನ್‌ನಲ್ಲಿ ಹತ್ತು ಪಟ್ಟಿನವರೆಗೆ ವ್ಯತ್ಯಾಸ ಕಂಡಿತು. ಮೇಲಾಗಿ ಪರಾಗ ನೀರು ಕುಡಿದು ಒಡೆದರೆ ಅದರೊಳಗಿನ ಪಿಷ್ಟದ ಹರಳುಗಳು ಹೊರಬೀಳುತ್ತವೆ. ಅವು 3 ಮೈಕ್ರಾನಿಗಿಂತ ಸಣ್ಣವು, ಮೂಗು ದಾಟಿ ಶ್ವಾಸಕೋಶಕ್ಕೇ ಇಳಿಯುತ್ತವೆ. ಮೆಲ್ಬರ್ನ್‌ನಲ್ಲಿ 2016ರ ನವೆಂಬರ್ 21ರ ಗುಡುಗು ಮಳೆಯ ಸಂಜೆ ಸಾವಿರಾರು ಜನ ಉಬ್ಬಸದಿಂದ ಆಸ್ಪತ್ರೆಗೆ ಓಡಿದ್ದರ ಹಿಂದೆ ಇದೇ ಇದ್ದದ್ದು ಅಂತ ತಜ್ಞರು ಹೇಳುತ್ತಾರೆ. ಹತ್ತು ಜನ ತೀರಿಕೊಂಡರು.

ಅದಕ್ಕೇ ಅಲರ್ಜನ್ ಅಳೆಯುವವರು ಗಾಳಿಯನ್ನು ಫಿಲ್ಟರ್ ಮೂಲಕ ಎಳೆದು, ಅದನ್ನು ತೊಳೆದು, ಎಲೈಸಾ ಅನ್ನುವ, ಬೇಕಾದ ಪ್ರೋಟೀನನ್ನಷ್ಟೇ ಹಿಡಿದು ಅಳೆಯುವ ಪರೀಕ್ಷೆ ಮಾಡುತ್ತಾರೆ. ಇಲ್ಲೊಂದು ತೊಡಕಿದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಆ ಯುರೋಪಿನ ಅಳತೆ ಮಾಡಿದ್ದು ತಿಮೋತಿ ಎಂಬ ಹುಲ್ಲಿನ ‘ಐದನೇ ಗುಂಪಿನ’ (ಹುಲ್ಲಿನ ಅಲರ್ಜನ್‌ಗಳನ್ನು ಹೀಗೆ ಸಂಖ್ಯೆ ಕೊಟ್ಟು ಗುಂಪು ಮಾಡುತ್ತಾರೆ) ಪ್ರೋಟೀನ್ ಹಿಡಿಯುವ ಪರೀಕ್ಷೆಯಿಂದ. ನಮ್ಮ ಗರಿಕೆಯಲ್ಲಿ ಆ ಗುಂಪೇ ಇಲ್ಲ, ಅದರ ಮುಖ್ಯ ಅಲರ್ಜನ್ ಒಂದನೇ ಗುಂಪಿನದು. ಅದೇ ಕಿಟ್ ತಂದು ಇಲ್ಲಿ ಅಳೆದರೆ, ಗಾಳಿ ತುಂಬ ಗರಿಕೆ ಪರಾಗ ಇದ್ದರೂ ಉತ್ತರ ಸೊನ್ನೆ ಹತ್ತಿರವೇ ಬರುತ್ತದೆ.

ನೀವೇ ನೋಡಬೇಕು ಅಂತಿದ್ದರೆ, ಸ್ಲೈಡಿಗೆ ತೆಳ್ಳಗೆ ವ್ಯಾಸಲೀನ್ ಸವರಿ, ಮಳೆ ತಾಕದ ಹಾಗೆ ಮಾಳಿಗೆ ಮೇಲೆ ಒಂದು ದಿನ ಇಡಿ. ಯಾವುದಾದರೂ ಕಾಲೇಜಿನ ಲ್ಯಾಬ್‌ನಲ್ಲಿ ತೋರಿಸಿ. ಘನ ಮೀಟರಿನ ಲೆಕ್ಕ ಸಿಗದು, ಆದರೆ ಸೀನು ಬಂದ ದಿನ ಏನು ಬಿದ್ದಿತ್ತು ಅನ್ನುವುದು ತಿಳಿಯುತ್ತದೆ. ಚರ್ಮದ ಅಲರ್ಜಿ ಪರೀಕ್ಷೆ ಮಾಡಿಸುವುದಾದರೆ, ದುಡ್ಡು ಕಟ್ಟುವ ಮುಂಚೆ ಪಟ್ಟಿಯಲ್ಲಿ ಗರಿಕೆ, ಅಂದರೆ ಸೈನೊಡಾನ್, ಇದೆಯಾ ಅಂತ ಡಾಕ್ಟರನ್ನು ಕೇಳಿ. ಕಾಂಗ್ರೆಸ್ ಕಸಕ್ಕೂ ಹಾಗೇ, ಪಾರ್ಥೇನಿಯಂ ಅಂತ ಬರೆದಿರುತ್ತಾರೆ.