ಟ್ಯಾಂಕ್ ತುಂಬಿದ್ದರೂ ಹಳೇ ಮನೆಯ ಬಾತ್‌ರೂಮ್ ನಲ್ಲಿಯಲ್ಲಿ ನೀರು ಸಣ್ಣಗೆ ಬರುವುದೇಕೆ?

ಪ್ರೆಶರ್ ಪಂಪ್ ಕೊಳ್ಳುವ ಮುಂಚೆ ಪೈಪ್ ನೋಡಿ. ಬೆಂಗಳೂರಿನ ಜಯನಗರ, ರಾಜಾಜಿನಗರದಂಥ ಬಡಾವಣೆಗಳ ಹಳೇ ಮನೆಗಳಲ್ಲಿ ಗೋಡೆಯೊಳಗೆ ಸಾಮಾನ್ಯವಾಗಿ ಇರುವುದು ಅರ್ಧ ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು. ತುಕ್ಕು, ಬೋರ್‌ವೆಲ್ ನೀರಿನ ಸುಣ್ಣ ಎರಡೂ ಒಳಗೆ ಗಟ್ಟಿಯಾಗಿ ದಾರಿ ಪೆನ್ಸಿಲ್ ಗಾತ್ರಕ್ಕೆ ಇಳಿದಿರುತ್ತದೆ, ಎಲ್ಬೋಗಳಲ್ಲಿ (ಪೈಪ್ ತಿರುವುಗಳಲ್ಲಿ) ಇನ್ನೂ ಕಡಿಮೆ. ಟ್ಯಾಂಕ್ ನಲ್ಲಿಗಿಂತ 3 ಮೀಟರ್ ಮೇಲಿದ್ದರೆ ಸಿಗುವ ಒತ್ತಡವೇ ಸುಮಾರು 0.3 ಬಾರ್. ಅಷ್ಟರಲ್ಲಿ ಈ ಅಡ್ಡಿ ದಾಟಿ ನೀರು ಬರಬೇಕು.

ಮೊದಲು ನಲ್ಲಿಯ ಬಾಯಿಯ ಜಾಲರಿ ಬಿಚ್ಚಿ ತೊಳೆಯಿರಿ. ಆಗಲಿಲ್ಲವೆಂದರೆ ಆ ಲೈನಿನ ನೀರು ನಿಲ್ಲಿಸುವ ಗೇಟ್‌ವಾಲ್ವ್ ಮುಚ್ಚಿ (ಬಿಗಿದಿದ್ದರೆ ಬಲ ಹಾಕಬೇಡಿ, ಅದರ ತಿರುಗುವ ಕಡ್ಡಿ, ಸ್ಪಿಂಡಲ್, ಮುರಿಯುತ್ತದೆ), ನಲ್ಲಿಯನ್ನೇ ಬಿಚ್ಚಿ, ಬಕೆಟ್ ಇಟ್ಟು ನೀರು ಬಿಡಿ. ಧಾರೆ ದಪ್ಪಗಿದ್ದರೆ ನಲ್ಲಿ ಬದಲಿಸಿದರೆ ಸಾಕು. ಸಣ್ಣಗೇ ಇದ್ದು ಕೆಂಪು ನೀರು ಬಂದರೆ ಪೈಪೇ ಕಟ್ಟಿದೆ. ಬಿಟ್ಟು ಬಿಟ್ಟು, ಬುಸುಗುಟ್ಟುತ್ತಾ ಬಂದರೆ ಗಾಳಿ ಸಿಕ್ಕಿಕೊಂಡಿದೆ. ಟ್ಯಾಂಕಿನ ಔಟ್‌ಲೆಟ್‌ಗೆ ಗಾಳಿ ಹೊರಹೋಗುವ ಏರ್ ಪೈಪ್ ಹಾಕಿಸಿ, ಅದರ ತುದಿ ಟ್ಯಾಂಕಿಗಿಂತ ಮೇಲಿರಲಿ.

ಕಟ್ಟಿದ ಪೈಪಿಗೆ ಆಸಿಡ್ ಮಾತ್ರ ಬೇಡವೇ ಬೇಡ, ಸವೆದ ಜಿಐ ತೂತು ಬಿದ್ದು ಗೋಡೆ ನೆನೆಯುತ್ತದೆ. ಹಳೇ ಲೈನಿಗೆ ಪಂಪ್ ಕೂರಿಸಿದರೂ ಅದೇ ಗತಿ. ಬದಲಿಗೆ ಸಿಪಿವಿಸಿ (ತುಕ್ಕು ಹಿಡಿಯದ ಪ್ಲಾಸ್ಟಿಕ್) ಪೈಪ್ ಹಾಕಿಸಿ: ಟ್ಯಾಂಕಿನಿಂದ 1 ಇಂಚು, ಬಾತ್‌ರೂಮಿಗೆ ಮುಕ್ಕಾಲು, ನಲ್ಲಿಗೆ ಅರ್ಧ. ಟೈಲ್ಸ್ ಅಂಟಿಸುವ ಮುಂಚೆ ಪ್ರೆಶರ್ ಟೆಸ್ಟ್ (ಒತ್ತಡದಲ್ಲಿ ನೀರು ತುಂಬಿ ಸೋರಿಕೆ ನೋಡುವುದು) ಮಾಡಿಸಲೇಬೇಕು.